ಡಿ ಡ್ರೈವ್‌ನಲ್ಲಿದ್ದ ಮಾವಿನ ಹೂವು

ಧನಶ್ರೀ ಅಕ್ಕ,

ಕಂಪ್ಯೂಟರಿನ ಸಿ ಡ್ರೈವ್‌ನಲ್ಲಿ ಜಾಗ ಇರಲಿಲ್ಲ. ಡಿ ಡ್ರೈವ್ ಕುಗ್ಗಿಸಿ ಆ ಜಾಗವನ್ನು ಸಿ ಡ್ರೈವ್‌ಗೆ ಸೇರಿಸಲು ಹೊರಟೆ. ‘ಲೇ, ಮೊದಲು ಕಾಪಿ ತಗೊಳ್ಳೋ’ ಅಂತ ನೀನು ಫೋನಲ್ಲೇ ಬೈದಿದ್ದೆ. ‘ಒಂದು ಗಂಟೆ ಕೆಲಸ ಕಣೇ’ ಅಂದವನು ನಾನೇ. ಅರ್ಧ ಆಗಿತ್ತು, ಗುಡುಗಿತು. ಅಪ್ಪ ಎಂದಿನಂತೆ ಓಡಿಬಂದು ಮೇನ್ ಸ್ವಿಚ್ ಇಳಿಸಿಬಿಟ್ಟರು. ಈಗ ನಿನ್ನ ಥೀಸಿಸ್ ಕೆಲಸವೆಲ್ಲ ಇದ್ದ ಡಿ ತೆರೆಯುತ್ತಿಲ್ಲ. ‘ಟಿವಿ ಉಳೀತಲ್ಲ, ಬಿಡೋ’ ಅಂತಾರೆ.

ನೀನು ಮನೆಗೆ ಬರೋದರೊಳಗೆ ಡಿಸ್ಕ್ ಬಿಚ್ಚಿಕೊಂಡು ಕೋಲಾರದ ರಿಪೇರಿ ಅಂಗಡಿಗೆ ಹೋಗ್ತಿದ್ದೀನಿ. ಆಸೆ ಇಟ್ಟುಕೋಬೇಡ. ಥೀಸಿಸ್‌ಗೆ ಇನ್ನಷ್ಟು ಟೈಮ್ ಕೊಡಿ ಅಂತ ನಿಮ್ಮ ಮೇಡಮ್ಮನ್ನ ಇವತ್ತೇ ಕೇಳು. ಅಪ್ಪನ್ನ ಬೈಯಬೇಡ, ನನ್ನನ್ನು ಬೈಯಿ. ಸಾರು ಬಿಸಿ ಮಾಡ್ಕೊಂಡು ಉಣ್ಣು.

ನೀನು ತೆಗೆದಿದ್ದರಲ್ಲಿ ಹೋದದ್ದು ಇಷ್ಟು: ನಲವತ್ತೊಂದು ಮಾವಿನ ಮರ, ಮೂರು ವರ್ಷದ ಹೂವು, ಆರು ಸಾವಿರದ ಮುನ್ನೂರು ಫೋಟೊ.