ಸುಶಾಂತನ ಐಲೇಸಾ

ದುಬೈ, ಶುಕ್ರವಾರ, 21 ನವೆಂಬರ್ 2014

ಸೋತದ್ದಕ್ಕೆ ಬೇಜಾರಿಲ್ಲ. ಹಗ್ಗಜಗ್ಗಾಟದಲ್ಲಿ ಸೋಲು ನನಗೇನು ಹೊಸತೇ? ಆದರೆ ಇವತ್ತು ಜೆಬೆಲ್ ಅಲಿಯ ಮೈದಾನದಲ್ಲಿ ಸುಶಾಂತ್ ಎದುರು ಟೀಮಿಗೆ ಕೂಗು ಹಾಕಲು ನಿಂತಿದ್ದ. ಮೊನ್ನೆಯವರೆಗೆ ನಮ್ಮ ಹಗ್ಗದ ತುದಿಯನ್ನು ಹೆಗಲಿಗೆ ಸುತ್ತಿಕೊಂಡು ನಿಲ್ಲುತ್ತಿದ್ದವನು! ಕಳೆದ ವಾರ ನಮ್ಮ ಮನೆಯಲ್ಲೇ ಕೋರಿರೊಟ್ಟಿ ತಿಂದ, ನನ್ನ ಹೆಂಡತಿ ಜಲಜಾಕ್ಷಿಯ ಹತ್ತಿರ ಇನ್ನೊಂದು ಸೌಟು ಸಾರು ಕೇಳಿ ಹಾಕಿಸಿಕೊಂಡ. ಇದನ್ನು ಮಾತ್ರ ಹೇಳಲಿಲ್ಲ.

"ಜಯಪಾಲಣ್ಣ, ಬೇಜಾರು ಮಾಡ್ಬೇಡಿ ಆಯ್ತಾ. ಆ ಟೀಮಿನ ಕಂಪನಿಯವರೇ ನಂಗೆ ಕೆಲಸದ ವೀಸಾ ಕೊಟ್ಟದ್ದು," ಎಂದ ಇವತ್ತು ಮೈದಾನದಲ್ಲಿ.

ವೀಸಾಕ್ಕಾಗಿ ಹೋಗಲಿ. ಕೂಗು ಯಾರದ್ದು?

ಟೀಮು ನಡೆಸುವುದೆಂದರೆ ಎಲ್ಲರ ಉಸಿರನ್ನು ಒಂದು ಮಾಡುವುದು ಎಂದು ಅವನಿಗೆ ಕಲಿಸಿದವನೇ ನಾನು. 'ಐಲೇ' ಎಂದು ರಾಗ ಎಳೆದಷ್ಟು ಹೊತ್ತು ಹಗ್ಗ ಹಿಡಿದು ಸುಮ್ಮನೆ ನಿಲ್ಲಬೇಕು, ಎದುರಿನವರು ದಣಿಯಬೇಕು. 'ಸಾ' ಎಂದಾಗ ಎಲ್ಲರ ಹಿಮ್ಮಡಿ ಒಟ್ಟಿಗೆ ಮರಳಿಗೆ ಊರಬೇಕು. ಇವತ್ತು ಅವನು ಅದನ್ನೇ, ನನ್ನದೇ ರಾಗದಲ್ಲಿ ಕೂಗಿದ. ನಮ್ಮ ಹುಡುಗರು ಗೆರೆ ದಾಟಿ ಮುಗ್ಗರಿಸಿದರು.

ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಅವನ 'ಸಾ' ಕೇಳಿದ ಕೂಡಲೇ, ಬದಿಯಲ್ಲಿ ನಿಂತಿದ್ದ ನನ್ನ ಹಿಮ್ಮಡಿಯೂ ಮರಳಿಗೆ ಊರಿತು. ಅವರ ಜತೆಗೇ.

ಈ ಹಿಮ್ಮಡಿಗೆ ಯಾರು ವೀಸಾ ಕೊಟ್ಟದ್ದು?