ಅರ್ಧ ಮಿಲಿಮೀಟರಿನ ಗೆರೆ

ಭಾವಾ,

ನೀವು ಕೆಲಸ ಬಿಟ್ಟ ಮೇಲೂ ದಪ್ಪ ಅಳೆಯುವ ನನ್ನ ಮೈಕ್ರೋಮೀಟರಿಗೆ ಬೀಗ ತಪ್ಪಿಲ್ಲ. ಯಾರ ಕೈಯನ್ನೂ ನಾನು ನಂಬುವುದಿಲ್ಲ. ಇವತ್ತು ನಾನು ಅಳೆದು ಸರಿ ಎಂದ ಶಾಫ್ಟ್ ದಪ್ಪವಾಗಿ ಬೇರಿಂಗಿನೊಳಗೆ ಹೋಗಲಿಲ್ಲ. ನಿಮ್ಮ ಲೇತಿಗೆ ಬಂದಿರುವ ಹೊಸ ಹುಡುಗಿಯ ಮೇಲೆ ಹರಿಹಾಯ್ದೆ.

"ನಾನು ಬೀಗ ತೆಗೆದಿಟ್ಟಾಗ ಮೈಕ್ರೋಮೀಟರ್ ಬೀಳಿಸಿದ್ದು ನೀನೇ ತಾನೆ?"

ಅವಳು ಅದರ ಬಾಯನ್ನು ಪೂರ್ತಿ ಮುಚ್ಚಿ ತೋರಿಸಿದಳು. ಸರಿಯಾಗಿ ಸೊನ್ನೆಗೇ ನಿಂತಿತು; ಬಿದ್ದು ಕೆಟ್ಟಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. ಆಮೇಲೆ ಶಾಫ್ಟ್ ಅಳೆದಳು.

"ಸರ್, ಅರ್ಧ ಮಿಲಿಮೀಟರಿನ ಗೆರೆ ದಾಟಿದೆ. ನೀವು ಆ ಅರ್ಧವನ್ನ ಲೆಕ್ಕಕ್ಕೆ ಸೇರಿಸೇ ಇಲ್ಲ."

ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಗೆರೆ ಇತ್ತು.

ನೀವು ಕೆಲಸ ಬಿಡುವಂತಾದ ಆವತ್ತು, ದಪ್ಪವಾಗಿವೆಯೆಂದು ವಾಪಸು ಬಂದ ನಲವತ್ತು ಶಾಫ್ಟುಗಳನ್ನು ಕಳಿಸುವ ಮುಂಚೆ ಅಳೆದವನೂ ನಾನೇ. ಮೈಕ್ರೋಮೀಟರನ್ನು ನೀವು ಬೀಳಿಸಿದಿರಿ ಎಂದು ಮೇಸ್ತ್ರಿಗೆ ಹೇಳಿದವನೂ ನಾನೇ. ಅಕ್ಕ ಅಂದಿನಿಂದ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ.

ಆಗ ನೀವು ನನ್ನ ಅಂಗಿಯ ಜೇಬನ್ನೇ ನೋಡುತ್ತಿದ್ದಿರಿ. ತಪ್ಪು ಮಾಡಿದವರು ಹೀಗೇ ಕಣ್ಣು ತಪ್ಪಿಸುತ್ತಾರೆ ಅಂದುಕೊಂಡಿದ್ದೆ.

ಕನ್ನಡಕ ಆಗಲೂ ಅಲ್ಲೇ ಇತ್ತು.