ಕುಂಕುಮವೆಂದು ಕಣ್ಣಿಗೊತ್ತಿಕೊಂಡ ಬೀಜ

ಚರಾಚರಗಳಿಗೆಲ್ಲ ಅನ್ನವಿಟ್ಟು ಕಾಯುವ ಪರಶಿವನ ಪಾದಗಳಿಗೆ ವಂದಿಸಿ, ಶ್ರೀ ವಿಶ್ವಾವಸು ನಾಮ ಸಂವತ್ಸರದ ಮಾರ್ಗಶಿರ ಬಹುಳ ದ್ವಾದಶಿ, ಮಂಗಳವಾರದಂದು ರಾಮದುರ್ಗ ತಾಲೂಕಿನ ಸಾಲಹಳ್ಳಿಯಿಂದ ಮಾಡಿಕೊಂಡ ಬಿನ್ನಹ.

ಬಿತ್ತನೆ ಬೀಜದ ವಿತರಣೆಯನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ತಾವು ನಮಗೆ ಕೊಟ್ಟ ಜೋಳದ ಬೀಜಕ್ಕೆ ವಿಷ ಲೇಪಿಸಿದ್ದರೆಂಬುದನ್ನು ತಾವು ಹೇಳಲಿಲ್ಲ. ಸತ್ತುಬಿದ್ದ ನವಿಲುಗಳು ಹೇಳಿದವು. ಹೇಳಬೇಕಾದವರು ಬಾಯಿ ಮುಚ್ಚಿಕೊಂಡು, ಬಾಯಿಲ್ಲದ ಜೀವಗಳು ಪ್ರಾಣ ಕೊಟ್ಟು ತಿಳಿಸಬೇಕಾದ ಈ ವ್ಯವಸ್ಥೆಯನ್ನು ಯಾವ ಶಾಸ್ತ್ರದಿಂದ ಸಮರ್ಥಿಸುವುದೋ ನಾನರಿಯೆ. ಪ್ರತಿಭಟಿಸುವ ಕಸುವೂ ನನ್ನಲ್ಲಿ ಉಳಿದಿಲ್ಲ. ದಣಿದು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಬಿತ್ತಿ ಮಿಕ್ಕ ಬೀಜದಲ್ಲಿ ಒಂದು ಬೊಗಸೆಯನ್ನು ದೇವರ ಜಗಲಿಯ ಮೇಲಿಟ್ಟು, ಎಳ್ಳಮಾವಾಸ್ಯೆಯಂದು ಭೂತಾಯಿಗೆ ಚೆಲ್ಲುವ ಚರಗದಲ್ಲಿ ಬೆರೆಸುವುದು ನಮ್ಮ ಮನೆತನದ ನಡಾವಳಿ. ಕಡುಬು, ಪಲ್ಯ, ಮೊಸರನ್ನಗಳ ಆ ನೈವೇದ್ಯ ಮಣ್ಣಿಗೆ ಬಿದ್ದು ಹಕ್ಕಿಪಕ್ಷಿಗಳ ಪಾಲಾಗಲಿ ಎಂಬುದೇ ಅದರ ಉದ್ದೇಶ. ಹೋದ ವರ್ಷ ತಮ್ಮ ಕೇಂದ್ರದಿಂದ ತಂದ ಬೀಜ ಕೆಂಪಗಿತ್ತು. ನನ್ನ ಅಕ್ಕ ರಾಯವ್ವ ಅದನ್ನು ಕಣ್ಣಿಗೊತ್ತಿಕೊಂಡು ನಕ್ಕಳು.

"ನೋಡಪಾ ತಮ್ಮಾ, ಸರಕಾರದಾವರು ಈ ಸಲ ಬೀಜಕ್ಕ ಕುಂಕುಮಾ ಹಚ್ಚಿ ಕಳಿಸ್ಯಾರ. ಸುಮ್ಮ ಸುಮ್ಮನ ಅವರನ್ನ ಬೈತಿದ್ವಿ ನೋಡು!"

ತಮ್ಮ ಇಲಾಖೆಯನ್ನು ನಮ್ಮೂರಿನಲ್ಲಿ ಯಾರಾದರೂ ಮನಸಾರೆ ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಮಾವಾಸ್ಯೆಯಂದು ಅಕ್ಕ ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲಿದಳು. ಬುಟ್ಟಿಯ ತಳದಲ್ಲಿ ಮಿಕ್ಕಿದ್ದನ್ನು, ಪ್ರತಿವರ್ಷದಂತೆ, ಪಕ್ಕದ ಹೊಲದ ರಸೂಲಸಾಬರ ಆಡಿಗೆ ಇಟ್ಟಳು. ಅದು ಗಬ್ಬದ ಆಡು. ನಾವು ಬೇರೆ ಕಟ್ಟಿ ತಂದಿದ್ದ ಬುತ್ತಿಯನ್ನು ಬದುವಿನ ಮೇಲೆ ಉಂಡು ಏಳುವಷ್ಟರಲ್ಲಿ ಅದು ಬಾಯಲ್ಲಿ ನೊರೆಯುಕ್ಕಿಸಿ ಕಾಲು ಬಡಿಯುತ್ತಿತ್ತು. ಸಂಜೆಗೆ ಸಾಲುಗಳ ನಡುವೆ ಗೊರವಂಕಗಳು ಬಿದ್ದಿದ್ದವು, ಎರಡು ಹೆಣ್ಣು ನವಿಲುಗಳು ಕತ್ತು ಹೊರಳಿಸಿ ಮಲಗಿದ್ದವು. ಅಕ್ಕ ಬರಿದಾದ ಬುಟ್ಟಿಯನ್ನು ಅಪ್ಪಿಕೊಂಡು ಕುಳಿತುಬಿಟ್ಟಳು. ನಷ್ಟವುಂಡ ರಸೂಲಸಾಬರೇ ಅವಳನ್ನು ಸಮಾಧಾನಪಡಿಸಬೇಕಾಯಿತು.

"ರಾಯವ್ವಕ್ಕಾ, ಅಳಬ್ಯಾಡವಾ. ನೀ ಉಣ್ಣಾಕ ಇಟ್ಟಿದ್ದಿ, ಸಾಯಲಿ ಅಂತ ಇಟ್ಟಿಲ್ಲ. ಇಸಾ ಹಚ್ಚಿದಾವರು ಹಾಯಾಗಿ ಕುಂತಾರ, ನೀ ಯಾಕ ಅಳತಿ?"

ಅವರ ಪ್ರಶ್ನೆಯನ್ನೇ ಹೊತ್ತು ನಾನು ತಮ್ಮ ಕೇಂದ್ರಕ್ಕೆ ಬಂದೆ. ತಮ್ಮ ಸಿಬ್ಬಂದಿ ಬಹು ವಿನಯದಿಂದ ಹೇಳಿದರು: "ಅಜ್ಜಾರ, ಬೀಜಾ ಬಿತ್ತಾಕ ಕೊಟ್ಟೇವ್ರಿ, ಪೂಜಿ ಮಾಡಾಕಲ್ಲ. ಹುಳಾ ಹತ್ತಬಾರ್ದಂತ ಔಷಧ ಹಚ್ಚಿರತಾರ. ಚೀಲದ ಮ್ಯಾಲ ಎಲ್ಲಾ ಬರದೈತಿ."

"ಯಾವ ಚೀಲಾ, ತಮ್ಮಾ?"

ಅವರು ಮೂಲೆಯತ್ತ ಕೈ ತೋರಿದರು. ದೊಡ್ಡ ಚೀಲಗಳನ್ನು ಒಡೆದು ನಮ್ಮ ಕೈಚೀಲಗಳಿಗೆ ಬೀಜ ಸುರಿದುಕೊಟ್ಟಿದ್ದರಷ್ಟೆ. ಎಚ್ಚರಿಕೆಯ ಮಾತು ಒಡೆದ ಆ ಚೀಲಗಳ ಮೇಲೆ, ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಸುರಕ್ಷಿತವಾಗಿತ್ತು.

"ಮತ್ತ ಆ ಚೀಲಾ ನಮಗ ಯಾಕ ಕೊಡಲಿಲ್ಲ?"

"ಖಾಲಿ ಚೀಲಾ ಕೊಡಾಕ ಬರೂದಿಲ್ರಿ. ಲೆಕ್ಕಕ್ಕ ಬೇಕ್ರಿ."

ಮಾನ್ಯರೇ, ಬೀಜ ನಮಗೆ, ಎಚ್ಚರಿಕೆ ತಮ್ಮ ಉಗ್ರಾಣಕ್ಕೆ. ಈ ಹಂಚಿಕೆಯ ನ್ಯಾಯವನ್ನು ಎಷ್ಟು ಕೊಂಡಾಡಿದರೂ ಸಾಲದು. ಬೆಳೆಗೆ ರಕ್ಷಣೆ ಬೇಡವೆಂದು ನಾನು ವಾದಿಸುತ್ತಿಲ್ಲ. ಹುಳುವಿನ ಕಾಟ ಬಲ್ಲ ಒಕ್ಕಲಿಗ ನಾನು. ಆದರೆ ಕೊಡುವಾಗ "ಇದು ವಿಷ, ತಿನ್ನುವ ಬಾಯಿಗೆ ಹಾಕಬೇಡಿರಿ" ಎಂದು ಒಂದು ಮಾತು ಆಡಲು ತಮಗೆ ಯಾವ ಮಂಜೂರಾತಿ ಬೇಕಿತ್ತು? ಈ ವರ್ಷವೂ ಬೀಜ ಕೆಂಪಾಗಿಯೇ ಬಂದಿದೆ, ಕೈಚೀಲಕ್ಕೇ ಬಂದಿದೆ. ಬಿತ್ತಿ ಮಿಕ್ಕದ್ದು ಅಟ್ಟದ ಮೇಲಿದೆ. ಅದನ್ನು ತಿಪ್ಪೆಗೆ ಎಸೆದರೆ ಕೋಳಿ ಕೆದರುತ್ತದೆ, ಹಳ್ಳಕ್ಕೆ ಸುರಿದರೆ ದನ ಕುಡಿಯುತ್ತದೆ. ಮರಳಿಸಲು ಬಂದರೆ, ಕೊಟ್ಟದ್ದನ್ನು ಹಿಂಪಡೆಯುವ ಪದ್ಧತಿ ತಮ್ಮಲ್ಲಿಲ್ಲ. ಹಾಗಾದರೆ ಅದನ್ನು ಯಾರ ಜಗಲಿಯ ಮೇಲಿಡೋಣ?

ಅಕ್ಕ ಅಂದಿನಿಂದ ತನ್ನ ಕೈಯಾರೆ ಎಮ್ಮೆಗೆ ಹಿಂಡಿಯನ್ನೂ ಇಟ್ಟಿಲ್ಲ. ಅಂಗಳಕ್ಕೆ ಗುಬ್ಬಿ ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಬರುವ ಶುಕ್ರವಾರ ಎಳ್ಳಮಾವಾಸ್ಯೆ. ಚರಗದ ಮಾತೆತ್ತಿದರೆ, "ನನ್ನ ಕೈ ಕೊಂದ ಕೈ ಐತಿ, ಬ್ಯಾರೆದಾವರು ಚೆಲ್ಲಲಿ" ಎನ್ನುತ್ತಾಳೆ. ಓದಿದ ಪುರಾಣಗಳಿಂದ ದೃಷ್ಟಾಂತ ತೆಗೆದು, ತಪ್ಪು ನಿನ್ನದಲ್ಲವೆಂದು ಎಷ್ಟೋ ಸಲ ಹೇಳಿದ್ದೇನೆ. ತಮ್ಮನಾದ ನಾನು ಹೇಳಿದರೆ ಮಮತೆಯ ಮಾತೆಂದು ತಳ್ಳಿಹಾಕುತ್ತಾಳೆ.

ಆದುದರಿಂದ ನನ್ನ ಬೇಡಿಕೆ: ಎಚ್ಚರಿಕೆಯನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ಓದುಬಾರದವರಿಗೆ ಚಿತ್ರಸಹಿತ ಅಚ್ಚು ಹಾಕಿಸಿದ ಚೀಲದಲ್ಲೇ ಬೀಜ ಕೊಡಿರಿ, ಕೊಡುವಾಗ ಬಾಯಿಬಿಟ್ಟು ಹೇಳಿರಿ, ಮಿಕ್ಕ ಬೀಜವನ್ನು ಮರಳಿ ಪಡೆಯಿರಿ. ಅದಕ್ಕೆಲ್ಲ ಮೇಲಿನವರ ಅಪ್ಪಣೆ ಬೇಕೆಂದರೆ ಕಾಯುತ್ತೇವೆ, ಅಭ್ಯಾಸವಿದೆ. ಆದರೆ ಶುಕ್ರವಾರ ಮುಂಜಾನೆ ಮಾತ್ರ ದಯಮಾಡಿ ನಮ್ಮ ಹೊಲಕ್ಕೆ ಬನ್ನಿರಿ. ಅಕ್ಕನ ಎದುರು ನಿಂತು, "ತಾಯಿ, ವಿಷ ನಿಮ್ಮ ಕೈಯದಲ್ಲ, ನಮ್ಮ ಕೈಯದು" ಎಂದು ಒಮ್ಮೆ ನುಡಿಯಿರಿ. ರಸೂಲಸಾಬರೂ ಬರುತ್ತಾರೆ. ಹೊಸ ಆಡನ್ನು ಇನ್ನೂ ಕಟ್ಟಿಯೇ ಇಟ್ಟಿದ್ದಾರೆ. ಅಕ್ಕ ಚರಗದ ಬುಟ್ಟಿ ಎತ್ತಿದ ಮೇಲೆಯೇ, ಅವಳ ಕೈಯ ತುತ್ತಿಗೇ ಬಿಚ್ಚುತ್ತಾರಂತೆ.

ಇಂತಿ,
ಚರಗದ ಬುಟ್ಟಿ ಮೂಲೆ ಹಿಡಿದಿರುವ ಮನೆಯ ಹಿರಿಯ,
ನಿಜಗುಣಪ್ಪ

ಸತ್ತ ಜೀವಗಳಿಗೆ ಸದ್ಗತಿಯಾಗಲಿ. ಅಕ್ಕನ ಕೈಗೆ ಮರಳಿ ಧೈರ್ಯ ಬರಲಿ. ರಸೂಲಸಾಬರ ಹಟ್ಟಿ ತುಂಬಲಿ. ಬೀಜ ಅಳೆದ ಕೈಗಳಿಗೂ, ಸಹಿ ಹಾಕುವ ತಮ್ಮ ಕೈಗೂ ಶಿವನು ಒಳಿತನ್ನೇ ಮಾಡಲಿ.